ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳಿಗೆ ವಿಮೆ ಕಸುಬು: ಸೇರಿಸೋ ಮುಂಚೆ ಈ ಲೆಕ್ಕ ನೋಡಿ

ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದ ನಮ್ಮ ಕಡೆ ‘ಅಪ್ರೆಂಟಿಸ್’ ಅನ್ನೋ ಮಾತು ಎಲ್ಲರಿಗೂ ಗೊತ್ತು. ಕೆಲಸ ಕಲಿಯೋದು, ಕಲಿಯುವಾಗ ಖರ್ಚಿಗೆ ಸ್ವಲ್ಪ ದುಡ್ಡು ಸಿಗೋದು. ಆ ಕಾರ್ಖಾನೆ ಈಗಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಮಳೆಯಾಶ್ರಿತ ಜಮೀನಿನ ಮನೆ ಹೆಣ್ಣುಮಕ್ಕಳು ಕೂಲಿಗೋ, ದಾವಣಗೆರೆಯ ಬಟ್ಟೆ ಅಂಗಡಿಗೋ ಹೋಗಬೇಕು. ಅಂಥವರಿಗೆ ಇನ್ನೊಂದು ದಾರಿ ಇದೆ. ವಿಮೆ ಕಸುಬು ಕಲಿಯೋದು.

ಎಲ್‌ಐಸಿಯವರ ‘ಬಿಮಾ ಸಖಿ’ ಯೋಜನೆ 2024ರ ಡಿಸೆಂಬರ್ 9ರಂದು ಹರಿಯಾಣದ ಪಾಣಿಪತ್‌ನಲ್ಲಿ ಶುರುವಾಯಿತು. ಹತ್ತನೇ ಕ್ಲಾಸು ಪಾಸಾದ, 18ರಿಂದ 70 ವರ್ಷದೊಳಗಿನ ಹೆಂಗಸರು ಸೇರಬಹುದು. ಮೂರು ವರ್ಷ ತಿಂಗಳಿಗಿಷ್ಟು ಅಂತ ಸ್ಟೈಪೆಂಡ್ ಕೊಡುತ್ತಾರೆ. ಪಾಲಿಸಿ ಮಾಡಿಸಿದ್ದಕ್ಕೆ ಕಮಿಷನ್ ಬೇರೆ.

ನೌಕರಿ ಅಲ್ಲ

ಮೊದಲು ತಿಳಿಯಬೇಕಾದ್ದು ಇದು. ಬಿಮಾ ಸಖಿ ಅಂದರೆ ಎಲ್‌ಐಸಿ ನೌಕರಿ ಅಲ್ಲ. ಅವಳು ಏಜೆಂಟು. ‘ನಿಮ್ಮ ಮಗಳಿಗೆ ಎಲ್‌ಐಸಿಲಿ ಕೆಲಸ ಕೊಡಿಸ್ತೀನಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನೇರ ಶಾಖೆಗೆ ಹೋಗಿ ವಿಚಾರಿಸಿ.

ಎಲ್‌ಐಸಿ ಏಜೆಂಟರು, ನೌಕರರು ಇರುವ ಹತ್ತಿರದ ಕುಟುಂಬದವರಿಗೆ, ಅಂದರೆ ಅವರ ಹೆಂಡತಿ, ಮಗಳು, ತಂಗಿ, ಸೊಸೆಗೆ ಈ ಯೋಜನೆ ಇಲ್ಲ. ಗಂಡುಮಕ್ಕಳಿಗೂ ಇಲ್ಲ. ಅವರು ಎಸ್ಸೆಸ್ಸೆಲ್ಸಿ ಮೇಲೆ ಸಾದಾ ಏಜೆಂಟರಾಗಬಹುದು, ಆದರೆ ಈ ಸ್ಟೈಪೆಂಡ್ ಸಿಗೋದಿಲ್ಲ.

ಏಜೆಂಟ್ ಆಗಲು ತರಬೇತಿ ಮುಗಿಸಿ ಒಂದು ಪರೀಕ್ಷೆ ಪಾಸಾಗಬೇಕು. ಉತ್ತರ ಆರಿಸುವಂಥ ಪ್ರಶ್ನೆಗಳು, ಕನ್ನಡದಲ್ಲೂ ಬರೆಯಬಹುದು. ಹುಡುಗಿ 16ಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದರೆ ಇನ್ನೂ ಎರಡು ವರ್ಷ ಕಾಯಬೇಕು. ಆ ಎರಡು ವರ್ಷ ಸುಮ್ಮನೆ ಕೂರಿಸದೆ ಪಿಯುಸಿ ಓದಿಸಿ. ಮುಂದೆ ಡಿಗ್ರಿ ಮಾಡಿಕೊಂಡರೆ ಡೆವಲಪ್‌ಮೆಂಟ್ ಆಫೀಸರ್ ಹುದ್ದೆಗೂ ದಾರಿ ಇದೆ.

ದುಡ್ಡಿನ ಲೆಕ್ಕ

ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ. ಒಟ್ಟು ಮೂರು ವರ್ಷಕ್ಕೆ 2,16,000. ಕೇಳೋಕೆ ಚೆನ್ನಾಗಿದೆ. ಆದರೆ ಶರತ್ತು ಇದೆ. ವರ್ಷಕ್ಕೆ 24 ಜನಕ್ಕೆ ಪಾಲಿಸಿ ಮಾಡಿಸಬೇಕು. ಅದರಿಂದ ಬರುವ ಮೊದಲ ವರ್ಷದ ಕಮಿಷನ್ 48,000 ಆಗಬೇಕು. ಅಂದರೆ ತಿಂಗಳಿಗೆ ಎರಡು ಪಾಲಿಸಿ, 4,000 ಕಮಿಷನ್.

ಇದನ್ನು ನಮ್ಮ ಊರಿನ ಲೆಕ್ಕಕ್ಕೆ ತನ್ನಿ. ಕಮಿಷನ್ ಪಾಲಿಸಿ ನೋಡಿ ಬದಲಾಗುತ್ತೆ. ನೂರಕ್ಕೆ 20 ಅಂತ ಹಿಡಿಯೋಣ. ಆಗ 48,000 ಬರಬೇಕಾದರೆ ಜನ 2,40,000 ರೂಪಾಯಿ ಕಂತು ಕಟ್ಟಬೇಕು. ಒಬ್ಬೊಬ್ಬರು ವರ್ಷಕ್ಕೆ 10,000. ಮೂರು ಎಕರೆ ಮೆಕ್ಕೆಜೋಳದ ರೈತ ಇಷ್ಟು ಕಟ್ಟಬಲ್ಲನೆ? ಕಟ್ಟುವವರು ನಿಮ್ಮ ಊರಲ್ಲಿ ಎಷ್ಟು ಮನೆ ಇದ್ದಾರೆ? ಸೇರಿಸೋ ಮುಂಚೆ ಮಗಳನ್ನು ಕೂರಿಸಿಕೊಂಡು ಹೆಸರು ಬರೆಯಿರಿ. ನೆಂಟರು, ಬೀಗರನ್ನು ಬಿಟ್ಟು ಬರೆಯಿರಿ. ನೆಂಟರ ಪಾಲಿಸಿ ಆರು ತಿಂಗಳಿಗೆ ಮುಗಿದುಹೋಗುತ್ತೆ.

ಎರಡನೇ ವರ್ಷದ ಪೆಟ್ಟು

ಎರಡನೇ ವರ್ಷದ ಸ್ಟೈಪೆಂಡ್ ಸಿಗಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65ರಷ್ಟು ಚಾಲ್ತಿಯಲ್ಲಿರಬೇಕು. 24ರಲ್ಲಿ 16 ಅನ್ನಿ. ಒಂಬತ್ತು ಜನ ಕಂತು ಬಿಟ್ಟರೆ ಹುಡುಗಿಯ ಸ್ಟೈಪೆಂಡ್‌ಗೆ ಕುತ್ತು.

ನಮ್ಮಲ್ಲಿ ಕಂತು ಬಿಡೋದು ಯಾವಾಗ? ಮಳೆ ಕೈಕೊಟ್ಟಾಗ. 2023ರಲ್ಲಿ ರಾಜ್ಯದ 223 ತಾಲ್ಲೂಕನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷ ಇಡೀ ಊರಿನ ಕೈ ಒಟ್ಟಿಗೇ ಖಾಲಿ. ಒಂದೇ ಊರಿನ ಒಕ್ಕಲಿಗರನ್ನೇ ನಂಬಿಕೊಂಡ ಏಜೆಂಟಿನ ಕಥೆಯೂ ನಮ್ಮ ಬೆಳೆಯ ಕಥೆಯೇ. ಹಂಗಾಗಿ ಹೊಲದಲ್ಲಿ ಅಕ್ಕಡಿ ಹಾಕಿದ ಹಾಗೆ ಗಿರಾಕಿಗಳಲ್ಲೂ ಬೆರಕೆ ಇರಬೇಕು. ಶಾಲೆ ಮೇಷ್ಟ್ರು, ಅಂಗನವಾಡಿ ಟೀಚರು, ಹರಿಹರದ ಕಡೆ ಕಾರ್ಖಾನೆ ಕೆಲಸದವರು, ದಾವಣಗೆರೆಯ ಅಂಗಡಿಯವರು ಇವರಿಗೆ ತಿಂಗಳು ತಿಂಗಳು ದುಡ್ಡು ಬರುತ್ತೆ.

ಕಂತಿನ ತಿಂಗಳು

ರೈತರಿಗೆ ಪಾಲಿಸಿ ಮಾಡಿಸುವಾಗ ಒಂದು ಸೂಕ್ಷ್ಮ ಇದೆ. ಪಾಲಿಸಿ ಯಾವ ತಿಂಗಳು ಶುರುವಾಯಿತೋ ವರ್ಷದ ಕಂತು ಅದೇ ತಿಂಗಳು ಬೀಳುತ್ತೆ. ಜೂನ್‌ನಲ್ಲಿ ಮಾಡಿಸಿದರೆ ಪ್ರತಿ ವರ್ಷ ಬೀಜ-ಗೊಬ್ಬರದ ದುಡ್ಡಿಗೂ ವಿಮೆ ಕಂತಿಗೂ ಜಗಳ. ಬೀಜವೇ ಗೆಲ್ಲುತ್ತೆ, ಪಾಲಿಸಿ ಬೀಳುತ್ತೆ. ಮೆಕ್ಕೆಜೋಳ ಮಾರಿ ಕೈಗೆ ದುಡ್ಡು ಬರೋದು ದೀಪಾವಳಿ ಕಳೆದ ಮೇಲೆ. ಡಿಸೆಂಬರ್ ಸುಮಾರಿಗೆ ವರ್ಷದ ಕಂತಿನ ಪಾಲಿಸಿ ಮಾಡಿಸಿದರೆ ರೈತನಿಗೂ ಹಗುರ, ಹುಡುಗಿಗೂ ಭದ್ರ. ತಿಂಗಳ ಕಂತಿಗೆ 15 ದಿನ, ವರ್ಷದ ಕಂತಿಗೆ 30 ದಿನ ರಿಯಾಯಿತಿ ಕಾಲ ಇದೆ ಅನ್ನೋದನ್ನೂ ಹೇಳಿಕೊಡಬೇಕು.

ಮಾಡಬಾರದ್ದು

ತಿಂಗಳ ಕೊನೆಗೆ ಒಂದು ಪಾಲಿಸಿ ಕಮ್ಮಿ ಬಿತ್ತು ಅಂತ ಹುಡುಗಿ ತಾನೇ ಬೇರೆಯವರ ಹೆಸರಲ್ಲಿ ಮೊದಲ ಕಂತು ಕಟ್ಟೋದುಂಟು. ಕಮಿಷನ್ನಲ್ಲಿ ಪಾಲು ಬಿಟ್ಟುಕೊಡೋದುಂಟು. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಹೀಗೆ ರಿಯಾಯಿತಿ ಕೊಡೋದೂ ತಪ್ಪು, ತೊಗೊಳೋದೂ ತಪ್ಪು. ಕಾನೂನು ಒತ್ತಟ್ಟಿಗಿರಲಿ, ಪುಕ್ಕಟೆ ಬಂದ ಪಾಲಿಸಿಗೆ ಎರಡನೇ ಕಂತು ಯಾರೂ ಕಟ್ಟೋಲ್ಲ. ಸ್ಟೈಪೆಂಡ್ ಉಳಿಸೋಕೆ ಹೋಗಿ ಸ್ಟೈಪೆಂಡೇ ಕಂತಿಗೆ ಹೋಗುತ್ತೆ. ಮನೆಯವರು ಒತ್ತಾಯ ಮಾಡಬಾರದು. ‘ಈ ತಿಂಗಳು ಆಗಲಿಲ್ಲ, ಬಿಡವ್ವ’ ಅನ್ನೋ ಧೈರ್ಯ ಅಪ್ಪ-ಅಮ್ಮನಿಗೂ ಇರಬೇಕು.

ನಂಬಿಕೆ ಗಳಿಸೋದು

ಊರಲ್ಲಿ ‘ಇನ್ಶೂರೆನ್ಸ್’ ಅಂದರೆ ಮೊದಲು ಕೇಳೋದು ಬೆಳೆ ವಿಮೆ. ಅದು ಬೇರೆ. ಪ್ರಧಾನಮಂತ್ರಿ ಫಸಲ್ ಬಿಮಾ 2016ರ ಮುಂಗಾರಿನಿಂದ ಬಂದದ್ದು. ಮುಂಗಾರು ಆಹಾರ ಬೆಳೆಗೆ ರೈತನ ಪಾಲು ವಿಮೆ ಮೊತ್ತದ ನೂರಕ್ಕೆ 2 ರೂಪಾಯಿ, ಕಟ್ಟೋದು ಬ್ಯಾಂಕಿನಲ್ಲೋ ಸೇವಾ ಕೇಂದ್ರದಲ್ಲೋ. ಇನ್ನು ಬ್ಯಾಂಕ್ ಖಾತೆಯಿಂದಲೇ ಕಟ್ಟುವ ಎರಡು ಅಗ್ಗದ ವಿಮೆ ಇವೆ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನ ಜ್ಯೋತಿ ಯಾವ ಕಾರಣಕ್ಕೆ ಸತ್ತರೂ. ಎರಡರಲ್ಲೂ 2 ಲಕ್ಷ ಪರಿಹಾರ. ಜೀವನ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು.

ಇವು ಅವಳ ಪಾಲಿಸಿ ಲೆಕ್ಕಕ್ಕೆ ಬರೋಲ್ಲ. ಆದರೂ ಬಡ ಮನೆಗೆ ಇವನ್ನೇ ಮೊದಲು ಹೇಳಬೇಕು. ನಾಮಿನಿ ಹೆಸರು ಸರಿ ಇದೆಯಾ ನೋಡಿಕೊಡಬೇಕು. ಸತ್ತವರ ಮನೆಗೆ ಹೋಗಿ ಕಾಗದ ಹೊಂದಿಸಿಕೊಡಬೇಕು. ಒಂದು ಮನೆಗೆ ಕ್ಲೇಮು ಸರಿಯಾಗಿ ಬಂದರೆ ಹತ್ತು ಮನೆಯವರು ತಾವೇ ಕರೆಯುತ್ತಾರೆ.

ಮೂರು ವರ್ಷಕ್ಕೆ ಸ್ಟೈಪೆಂಡ್ ನಿಲ್ಲುತ್ತೆ. ಆಮೇಲೆ ಉಳಿಯೋದು ಹಳೇ ಪಾಲಿಸಿಗಳ ಕಂತಿನ ಮೇಲೆ ವರ್ಷ ವರ್ಷ ಬರುವ ಸಣ್ಣ ಕಮಿಷನ್, ಜೊತೆಗೆ ಹೊಸ ಗಿರಾಕಿ. ಆ ಮೂರು ವರ್ಷವನ್ನು ತೆಂಗಿನ ಸಸಿಗೆ ನೀರು ಹಾಕೋ ಕಾಲ ಅಂತ ತಿಳಿದರೆ ಕಸುಬು ನಿಲ್ಲುತ್ತೆ. ಸಂಬಳ ಅಂತ ತಿಳಿದವರಿಗೆ ನಾಲ್ಕನೇ ವರ್ಷ ಏನೂ ಇರೋಲ್ಲ.