ತಂತ್ರಾಂಶ ಸಲಹೆಗಾರರ ಯೋಗ್ಯತಾಪರೀಕ್ಷೆ

ವ್ಯಾಪಾರಸಂಸ್ಥೆಯೊಂದು ತನ್ನ ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೇ ತಂತ್ರಾಂಶಕ್ಕೆ ಒಳಪಡಿಸಲು ಸಲಹೆಗಾರರನ್ನು ಆರಿಸುವಾಗ, ಅವರ ಕೀರ್ತಿಯನ್ನೂ ಶುಲ್ಕವನ್ನೂ ಮಾತ್ರವೇ ನೋಡಿದರೆ ಸಾಲದು. ಜರ್ಮನಿಯ ಲಿಡ್ಲ್ ಎಂಬ ದಿನಸಿ ಮಾರಾಟಸಂಸ್ಥೆಯ ಅನುಭವವು ಇದಕ್ಕೆ ನಿದರ್ಶನ. 2011ರಲ್ಲಿ ಅದು ಎಸ್‌ಎಪಿ ತಂತ್ರಾಂಶವನ್ನು ಅಳವಡಿಸತೊಡಗಿ, 2018ರಲ್ಲಿ ಆ ಕಾರ್ಯವನ್ನು ಕೈಬಿಟ್ಟಿತು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ವೆಚ್ಚವಾಗಿತ್ತೆಂದು ವರದಿಗಳಿಂದ ತಿಳಿದುಬರುತ್ತದೆ. ಸಂಸ್ಥೆಯು ದಾಸ್ತಾನನ್ನು ಕೊಂಡ ಬೆಲೆಯಿಂದ ಗಣಿಸುತ್ತಿದ್ದಿತು. ತಂತ್ರಾಂಶದ ಮೂಲರಚನೆಯಾದರೋ ಮಾರಾಟದ ಬೆಲೆಯನ್ನು ಆಧರಿಸಿದ್ದಿತು. ರೂಢಿಯನ್ನು ಬಿಡದೆ ತಂತ್ರಾಂಶವನ್ನೇ ತಿದ್ದಹೊರಟುದರಿಂದ ತೊಡಕು ಬೆಳೆಯಿತೆಂದು ಹೇಳಲಾಗಿದೆ.

ಆದುದರಿಂದ ಒಪ್ಪಂದಕ್ಕೆ ಮೊದಲೇ, ತನ್ನದೇ ಒಂದು ಖರೀದಿಯನ್ನು ಬೇಡಿಕೆಯಿಂದ ಹಣಸಂದಾಯದವರೆಗೆ ತಂತ್ರಾಂಶದಲ್ಲಿ ನಡೆಸಿ ತೋರಿಸುವಂತೆ ಸಲಹೆಗಾರರನ್ನು ಕೇಳತಕ್ಕದ್ದು. ಹಿಂದಿರುಗಿದ ಸರಕು, ಕೆಟ್ಟ ಸರಕು ಮೊದಲಾದ ಅಪವಾದಗಳೂ ಅದರಲ್ಲಿ ಸೇರಿರಬೇಕು. ಎಲ್ಲಿ ಹೊಂದುವುದಿಲ್ಲವೆಂಬುದನ್ನು ತೋರಿಸಿ, ಅಲ್ಲಿ ರೂಢಿಯನ್ನು ಬದಲಿಸುವುದು ಲೇಸೋ ತಂತ್ರಾಂಶವನ್ನು ತಿದ್ದುವುದು ಲೇಸೋ ಎಂಬುದನ್ನು ವೆಚ್ಚಸಹಿತವಾಗಿ ಹೇಳಬಲ್ಲವರೇ ಯೋಗ್ಯರು. ಎಲ್ಲಕ್ಕೂ ‘ಆಗುತ್ತದೆ’ ಎನ್ನುವವರಲ್ಲಿ ನಂಬಿಕೆಯಿಡಲಾಗದು. ಪರೀಕ್ಷೆಗೆ ಬಂದವರೇ ಕೆಲಸಕ್ಕೂ ಬರುವರೆಂಬುದನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ತನ್ನ ಯಾವ ರೂಢಿಯನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಸಂಸ್ಥೆಯೂ ಮೊದಲೇ ನಿರ್ಣಯಿಸಿಕೊಂಡಿರಬೇಕು. ಇಲ್ಲವಾದರೆ ಉತ್ತಮ ಸಲಹೆಗಾರನ ಮಾತೂ ನಿಷ್ಫಲವಾಗುವುದು.