ಅಥಣಿಯ ಚಪ್ಪಲಿ ಕಲಿಸುವ ಪಾಠ

ಪ್ರವಾಸಿಗರು ಮೆಚ್ಚಿ ಕೊಳ್ಳುವ ಕೊಲ್ಹಾಪುರಿ ಚಪ್ಪಲಿಗಳಲ್ಲಿ ಎಷ್ಟೋ ಜೊತೆಗಳು ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಸೀಮೆಯಲ್ಲಿ ಹುಟ್ಟಿದವೆಂಬುದು ವಾಚಕರಲ್ಲಿ ಹಲವರಿಗೆ ತಿಳಿದಿರಲಾರದು. ಜಾಲಿಯ ತೊಗಟೆ, ಅಣಲೆಕಾಯಿಗಳಿಂದ ಹದಮಾಡಿದ ತೊಗಲು, ಮೊಳೆಯಿಲ್ಲದ ಹೊಲಿಗೆ. ಅಟ್ಟೆ ಕತ್ತರಿಸುವವರು ಗಂಡಸರು; ಹೆಣೆದು ಹೊಲಿಯುವವರು ಬಹುಮಟ್ಟಿಗೆ ಹೆಂಗಸರು. ಈ ವಿದ್ಯೆಯು ತಾಯಿಯ ಕೈಯಿಂದ ಮಗಳ ಕೈಗೆ ಬಂದುದು.

1990ರ ದಶಕದ ಕೊನೆಯಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಡನೆ, ಬೆಂಗಳೂರಿನ ಅಸೆಂಟ್ ಸಂಸ್ಥೆಯು ಅಥಣಿಯಲ್ಲಿ ಕೆಲಸಕ್ಕೆ ತೊಡಗಿತು. ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ಉಳಿತಾಯವನ್ನೂ ಹೊಸ ಮಾದರಿಗಳನ್ನೂ ಕಲಿತರು. 'ಟೋಹೋಲ್ಡ್' ಎಂಬ ಹೆಸರಿನಿಂದ ಅವರ ಚಪ್ಪಲಿ ಪರದೇಶಗಳಿಗೂ ಹೋಯಿತು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ, ಕರ್ನಾಟಕ ಮಹಾರಾಷ್ಟ್ರಗಳೆರಡೂ ಅದರಲ್ಲಿ ಪಾಲುಗೊಂಡವು.

ಯಡೂರಿನ ವೀರಭದ್ರನ ಗುಡಿಗೂ ಕಾಗವಾಡದ ಬಸದಿಗೂ ಬರುವ ಯಾತ್ರಿಕರಿಗಾಗಿ ಯೋಜನೆ ಹೂಡುವವರು ಇದನ್ನು ನೆನೆಯಬೇಕು. ನೆರವಿನ ಹಣಕ್ಕೆ ಅವಧಿಯುಂಟು; ಅಧಿಕಾರಿಗೆ ವರ್ಗವುಂಟು; ವರದಿಯು ಕಪಾಟನ್ನು ಸೇರುವುದು. ಊರಿನವರು ಕಲಿತು ತಮ್ಮಲ್ಲಿ ಇರಿಸಿಕೊಂಡುದೇ ಕೊನೆಗೆ ಉಳಿಯುವ ಬಂಡವಾಳ. ಆದುದರಿಂದ ಮೊದಲು ಅವರನ್ನೇ ಕೇಳಿ ಯೋಜನೆ ಹೂಡುವುದು ಲೇಸು. ಅಂಗಡಿಯಲ್ಲಿ ಚೌಕಾಸಿಗೆ ನಿಲ್ಲುವ ನಾವೂ ಒಂದು ಗಳಿಗೆ ಯೋಚಿಸೋಣ: ಕೂಲಿ ಗಿಟ್ಟದೆ ಮಗಳು ಈ ಕೆಲಸವನ್ನು ಬಿಟ್ಟರೆ, ಕಡತವನ್ನು ನೋಡಿ ಚಪ್ಪಲಿ ಹೆಣೆಯಲು ಯಾರಿಂದಾದೀತು?