ದನಿ ಒಂದೇ ಕಡೆಯಿಂದ ಬರಬೇಕು: ಪಾಯಿಂಟ್ ಸೋರ್ಸ್ ಸ್ಪೀಕರ್ ಆರಿಸುವುದು ಹೇಗೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಗುಡಿಗಳಲ್ಲಿ ಭಜನೆ ಅಂದ್ರೆ ಪದ ಮುಖ್ಯ. ಆದರೆ ಎಷ್ಟೋ ಸಲ ಸೌಂಡ್ ಜೋರಾಗಿರುತ್ತದೆ, ಪದ ಮಾತ್ರ ತಿಳಿಯೋದಿಲ್ಲ. ಯಾಕೆ?

ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ಕೆಳಗೆ ವೂಫರ್, ಮೇಲೆ ಟ್ವೀಟರ್. ಎರಡರ ನಡುವೆ 25 ಸೆಂ.ಮೀ. ಅಂತರ ಇದೆ ಅಂತ ಇಟ್ಟುಕೊಳ್ಳಿ. ವೂಫರ್ ಕೆಲಸ ಬಿಟ್ಟು ಟ್ವೀಟರ್ ಹಿಡಿಯುವ ಜಾಗಕ್ಕೆ ಕ್ರಾಸ್‌ಓವರ್ ಅಂತಾರೆ. ಅದು 2,000 ಹರ್ಟ್ಸ್‌ನಲ್ಲಿದ್ದರೆ ಅಲ್ಲಿ ಅಲೆಯ ಉದ್ದ ಸುಮಾರು 17 ಸೆಂ.ಮೀ. ಮಾತ್ರ. ಹಾಗಾಗಿ ನೆಲದ ಮೇಲೆ ಕೂತವರಿಗೆ ಒಂದು ಥರ, ಹಿಂದೆ ನಿಂತವರಿಗೆ ಇನ್ನೊಂದು ಥರ ಕೇಳುತ್ತದೆ. ಕೆಲವು ಕಡೆ ಎರಡೂ ದನಿ ಒಂದನ್ನೊಂದು ಅಳಿಸಿಬಿಡುತ್ತವೆ. ಮಾತಿನ ಸ್ಪಷ್ಟತೆ ಇರೋದೂ ಇದೇ ಭಾಗದಲ್ಲಿ ನೋಡ್ರಿ.

ಇದಕ್ಕೆ ಪರಿಹಾರ ಕೋಆಕ್ಸಿಯಲ್ ಡ್ರೈವರ್: ವೂಫರಿನ ನಟ್ಟನಡುವೆ ಟ್ವೀಟರ್. ಟ್ಯಾನಾಯ್ ಕಂಪನಿ 1947ರಲ್ಲೇ ಇಂಥದ್ದನ್ನು ತಂದಿತ್ತು. ಕೆಇಎಫ್‌ನ ಯೂನಿ-ಕ್ಯೂ 1988ರದು. ಒಂದೇ ಕೋನ್ ಇರುವ ಫುಲ್ ರೇಂಜ್ ಡ್ರೈವರ್ ಕೂಡ ಪಾಯಿಂಟ್ ಸೋರ್ಸೇ. ಆದರೆ 8 ಇಂಚಿನದಾದರೆ 1,700 ಹರ್ಟ್ಸ್ ದಾಟಿದ ಮೇಲೆ ದನಿ ಮುಂದಕ್ಕಷ್ಟೇ ಕಿರಿದಾಗುತ್ತ ಹೋಗುತ್ತದೆ, ಬದಿಯವರಿಗೆ ಮಂಕು.

ಕೊಳ್ಳುವಾಗ ಮೂರು ನೋಡ್ರಿ. ಒಂದು, ಸೆನ್ಸಿಟಿವಿಟಿ: 90 ಡೆಸಿಬಲ್‌ನದಕ್ಕಿಂತ 93ರದು ಅರ್ಧ ವ್ಯಾಟ್‌ನಲ್ಲೇ ಅಷ್ಟೇ ಜೋರು ಕೊಡುತ್ತದೆ. ಬರೀ ವ್ಯಾಟ್ ನೋಡಿ ದುಡ್ಡು ಕೊಡಬ್ಯಾಡ್ರಿ. ಎರಡು, ಕವರೇಜ್ ಕೋನ: ಅಗಲ ಗುಡಿಗೆ 90 ಡಿಗ್ರಿ, ಉದ್ದನೆಯ ಕಿರಿದಾದ ಹಾಲ್‌ಗೆ 60. ಮೂರು, ಬಾಸ್: ಹಲವು ಕೋಆಕ್ಸಿಯಲ್‌ಗಳಲ್ಲಿ ವೂಫರ್ ಕೋನೇ ಟ್ವೀಟರಿಗೆ ಹಾರ್ನ್. ಕೋನ್ ಜೋರಾಗಿ ಕುಣಿದರೆ ಮೇಲಿನ ದನಿಯೂ ಅಲುಗುತ್ತದೆ. ಡೊಳ್ಳಿನ ಬಾಸ್‌ಗೆ ಬೇರೆ ಸಬ್‌ವೂಫರ್ ಇಡೋದು ಒಳ್ಳೇದು.

ಬಯಲಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಕಡಿಮೆ. ಹಾಗಾಗಿ ಕಿತ್ತೂರು ಉತ್ಸವದಂಥ ದೊಡ್ಡ ಮೈದಾನಕ್ಕೆ ಒಂದು ಜೋಡಿ ಸಾಲೋದಿಲ್ಲ. ನಡುನಡುವೆ ಬೇರೆ ಸ್ಪೀಕರ್ ಅಥವಾ ಲೈನ್ ಅರೇ ಬೇಕು.

ಅಂಗಡಿಗೆ ಹೋದಾಗ ಡಿಜೆ ಹಾಡು ಬ್ಯಾಡ. ಮೊಬೈಲ್‌ನಿಂದ ಒಂದು ಭಜನೆ ಹಚ್ಚಿ, ಕೂತು ಕೇಳ್ರಿ, ನಿಂತು ಕೇಳ್ರಿ, ಬದಿಗೆ ಸರಿದು ಕೇಳ್ರಿ. ಎಲ್ಲಾ ಕಡೆ ಪದ ಒಂದೇ ಥರ ಕೇಳಿದರೆ, ಅದೇ ನಿಮ್ಮ ಸ್ಪೀಕರ್.